ಮೂರನೇ ತರಗತಿಯ ಬಿಲ್ಲೆ

ನಮಾಲ್ವಾ ಟೀಚರ್ ಮೂರನೇ ತರಗತಿಯ ಮಕ್ಕಳ ಚೀಲಗಳನ್ನೆಲ್ಲ ನೆಲಕ್ಕೆ ಸುರಿದಳು. ಪೆನ್ಸಿಲ್ ತುಂಡು, ಜೋಳದ ಕಾಳು, ಅರ್ಧ ಕಚ್ಚಿದ ಗೆಣಸು ಸಿಕ್ಕವು. ಬಿಲ್ಲೆ ಸಿಗಲಿಲ್ಲ.

ಬಿಸ್ಕತ್ತಿನಷ್ಟಗಲದ ಮರದ ಬಿಲ್ಲೆ ಅದು, ದಾರ ಕಟ್ಟಿದ್ದು. ಶಾಲೆಯೊಳಗೆ ಇಂಗ್ಲಿಷ್ ಬಿಟ್ಟು ಮನೆಮಾತು ಬುಕುಸುವಿನಲ್ಲಿ ಬಾಯಿ ತೆರೆದ ಮಗುವಿನ ಕೊರಳಿಗೆ ಬೀಳುತ್ತಿತ್ತು. ಆ ಮಗು ಇನ್ನೊಬ್ಬರ ಬಾಯಲ್ಲಿ ಬುಕುಸು ಕೇಳಿದರೆ ಅವರಿಗೆ ದಾಟಿಸಬೇಕು. ಸಂಜೆ ಗಂಟೆ ಹೊಡೆದಾಗ ಯಾರ ಬಳಿ ಉಳಿಯುತ್ತದೋ ಅವರಿಗೆ ಬೆತ್ತ. ಇದರಿಂದ ಮಕ್ಕಳಿಗೆ ಇಂಗ್ಲಿಷ್ ಬರಲಿಲ್ಲ, ಚಾಡಿ ಹೇಳುವುದು ಮಾತ್ರ ಚೆನ್ನಾಗಿ ಬಂತು.

ಊಟದ ಬಿಡುವು ಮುಗಿದ ಮೇಲೆ ಹೆಡ್‌ಮಾಸ್ಟರ್ ಲುಸ್ವೇಟಿ ಬಾಗಿಲಲ್ಲಿ ನಿಂತು ಕೊರಳುಗಳನ್ನೆಲ್ಲ ನೋಡಿದ್ದರು. ಎಲ್ಲವೂ ಬರಿದು.

“ನಿಮ್ಮ ಬ್ಲಾಗಿನವನ ಹಾಗೆ ನೀವೂ ಒಲೆಗೆ ಹಾಕಿದ್ರಾ ಮೇಡಂ?”

“ಇಲ್ಲ ಸರ್.”

“ಸಂಜೆಯೊಳಗೆ ಸಿಗಬೇಕು. ಇಲ್ಲಾಂದ್ರೆ ಮಕ್ಕಳಿಗೆಲ್ಲ ಬೆತ್ತ, ನಿಮಗೆ ಗೇಟು.”

ಅದು ಬರಿ ಬೆದರಿಕೆಯಲ್ಲ. ನಮಾಲ್ವಾಳನ್ನು ಸರ್ಕಾರ ನೇಮಿಸಿರಲಿಲ್ಲ, ಶಾಲೆಯ ಸಮಿತಿ ಇಟ್ಟುಕೊಂಡಿತ್ತು. ಹೆಡ್‌ಮಾಸ್ಟರರ ಒಂದು ಮಾತಿಗೆ ಅವಳ ಕೆಲಸ ಹೋಗುತ್ತಿತ್ತು.

ತಪ್ಪೆಲ್ಲ ಬ್ಲಾಗಿನದೇ ಎಂದರೆ ಅವಳು ಒಪ್ಪುವವಳಲ್ಲ. ಕಿಟುಯಿ ಕಡೆಯ ಮೇಷ್ಟ್ರೊಬ್ಬರು ಬರೆಯುತ್ತಿದ್ದ ಬ್ಲಾಗು. ಸಂತೆಗೆ ಹೋದಾಗ ಇಂಟರ್‌ನೆಟ್ ಸಿಗುವ ಗಿರಣಿಯ ಕಟ್ಟೆಯ ಮೇಲೆ ಕೂತು ಅವಳು ಓದುತ್ತಿದ್ದಳು. ಮಗು ಮೊದಲು ತನ್ನ ಮಾತಿನಲ್ಲಿ ಯೋಚಿಸಲಿ, ಇಂಗ್ಲಿಷ್ ಹಿಂದೆಯೇ ಬರುತ್ತದೆ ಎಂದು ಅವರು ಬರೆದಿದ್ದರು. ಮಾಡಿ ನೋಡಿದಳು. ಭಿನ್ನರಾಶಿ ಎಂದರೆ ಕಲ್ಲಿನಂತೆ ಕೂರುತ್ತಿದ್ದ ಮಕ್ಕಳು ಚಪಾತಿಯ ಕಾಲು ಭಾಗ ದೊಡ್ಡದೋ ಅರ್ಧದ ಅರ್ಧ ದೊಡ್ಡದೋ ಎಂದು ಬುಕುಸುವಿನಲ್ಲಿ ಜಗಳಕ್ಕೇ ಬಿದ್ದರು, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆದರು. ಖುಷಿ ತಡೆಯಲಾರದೆ ಬ್ಲಾಗಿನ ಆ ಬರಹವನ್ನು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದಳು. ನಾಲ್ಕನೇ ತರಗತಿಯ ಖೀಸಾ ಮೇಷ್ಟ್ರು ಓದಿದರು, ತಮ್ಮ ತರಗತಿಯಲ್ಲೂ ಮಾಡಿದರು, ತಾವು ಕಂಡದ್ದನ್ನು ಗುಂಪಿನಲ್ಲಿ ಬರೆದರು. ಪಕ್ಕದೂರಿನ ಶಾಲೆಗೂ ಅದು ಹೋಯಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಬ್ಲಾಗಿನ ಮೇಷ್ಟ್ರು ತಮ್ಮ ಶಾಲೆಯ ಬಿಲ್ಲೆಯನ್ನು ಒಲೆಗೆ ಹಾಕಿದ್ದರ ಬಗ್ಗೆ ಬರೆದದ್ದನ್ನೂ ಕಳಿಸಿಬಿಟ್ಟಳು. ಹೆಡ್‌ಮಾಸ್ಟರ್ ಗುಂಪಿನಲ್ಲೇ ಉತ್ತರ ಕೊಟ್ಟರು: ಬುಕುಸು ಮನೆಗೆ ಮತ್ತು ಮೇಕೆಗೆ, ಶಾಲೆಗೆ ಇಂಗ್ಲಿಷ್.

ಖೀಸಾ ಕಿಟಕಿಯಲ್ಲಿ ಇಣುಕಿದರು. “ಸಿಕ್ತಾ?”

“ಇಲ್ಲ.”

“ಇನ್ನೊಂದು ಕೆತ್ತಿ ಕೊಡ್ಲಾ?”

“ತಮಾಷೆ ಮಾಡ್ಬೇಡಿ. ನನ್ನ ಕೆಲಸ ಹೋಗ್ತದೆ. ಈ ಮಕ್ಕಳು ಈಗಷ್ಟೇ ಬಾಯಿ ಬಿಡ್ತಿದಾರೆ, ನಾನು ಹೋದ್ರೆ ಮತ್ತೆ ಮುಚ್ಕೋತಾರೆ.”

“ಹೋಗಿ ಕಾಲಿಗೆ ಬೀಳಿ ಅನ್ನೋಣ ಅಂದ್ರೆ ಹೆಡ್‌ಮಾಸ್ಟರೂ ಇವತ್ತು ಸರಿ ಇಲ್ಲ. ಅವರಮ್ಮ ಆಸ್ಪತ್ರೆಯಲ್ಲಿದಾರಂತೆ. ಬೆಳಿಗ್ಗೆಯಿಂದ ಎಲ್ಲರ ಮೇಲೂ ಸಿಡಿಮಿಡಿ.”

ಬಿಲ್ಲೆಯನ್ನು ಯಾರು ಯಾರಿಗೆ ಕೊಟ್ಟಿರಿ ಎಂದು ಮಕ್ಕಳನ್ನು ಅವಳು ಕೇಳಬಹುದಿತ್ತು. ಆದರೆ ಬಿಲ್ಲೆಯನ್ನು ನಿಲ್ಲಿಸಲಾಗದಿದ್ದರೂ ನಾನಂತೂ ಇನ್ನು ಮುಂದೆ ನಿಮ್ಮ ಕೈಲಿ ಚಾಡಿ ಹೇಳಿಸುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದಳು. ಬೆಂಚುಗಳ ಕೆಳಗೆ ಮತ್ತೊಮ್ಮೆ ತೆವಳಿ ಹುಡುಕಿದಳು. ಕಣ್ಣು ತುಂಬಿ ಬಂದು ನೆಲವೇ ಸರಿಯಾಗಿ ಕಾಣಲಿಲ್ಲ.

ಗಂಟೆ ಹೊಡೆಯಿತು.

ಇಡೀ ಶಾಲೆ ಅಂಗಳದಲ್ಲಿ ಸಾಲುಗಟ್ಟಿತು. ಅವಳು ಕೇಳದೆ ಬಿಟ್ಟದ್ದನ್ನು ಹೆಡ್‌ಮಾಸ್ಟರ್ ಕೇಳಿದರು. ಕೊಟ್ಟೆ ಎನ್ನುವಷ್ಟು ಇಂಗ್ಲಿಷ್ ಎಲ್ಲರಿಗೂ ಬರುತ್ತಿತ್ತು. ಒಂದು ಮಗು ಇನ್ನೊಂದರ ಕಡೆ ಬೆರಳು ತೋರಿಸಿತು, ಅದು ಮತ್ತೊಂದರ ಕಡೆ. ಕೊನೆಗೆ ಬೆರಳು ನಾಲಿಯಾಕಾ ಎಂಬ ಪುಟ್ಟ ಹುಡುಗಿಯ ಮೇಲೆ ನಿಂತಿತು.

“ನೀನು ಯಾರಿಗೆ ಕೊಟ್ಟೆ?”

ನಾಲಿಯಾಕಾಳ ಬಾಯಿ ತೆರೆಯಿತು, ಮುಚ್ಚಿತು.

“ಇಂಗ್ಲಿಷಿನಲ್ಲಿ ಹೇಳು.”

ಬೆತ್ತ ಮೇಲೆದ್ದಿತು. ನಮಾಲ್ವಾ ನಡುವೆ ನುಗ್ಗಿದಳು.

“ಅವಳನ್ನ ಬಿಡಿ ಸರ್. ನಾನೇ ಸುಟ್ಟೆ.”

ಹೆಡ್‌ಮಾಸ್ಟರ್ ಬೆತ್ತ ಇಳಿಸಿದರು. ಮುಖದಲ್ಲಿ ಗೆಲುವಿತ್ತು. “ಕೇಳಿಸ್ಕೊಂಡ್ರಾ ಎಲ್ಲರೂ? ಫೋನು ನೋಡಿ ಪಾಠ ಮಾಡೋವ್ರ ಗತಿ ಇದು. ನಾಳೆಯಿಂದ ಬರ್ಬೇಡಿ ಮೇಡಂ.”

ಮುಗಿಯಿತು. ನಮಾಲ್ವಾ ಗೇಟಿನತ್ತ ತಿರುಗಿದಳು. ಅಷ್ಟರಲ್ಲಿ ನಾಲಿಯಾಕಾ ಅವಳ ಲಂಗ ಹಿಡಿದು ಜಗ್ಗಿದಳು. “ನೋ ಟೀಚರ್. ನೋ. ಐ...” ಮುಂದಿನ ಮಾತು ಅವಳಿಗೆ ಹೊಳೆಯಲಿಲ್ಲ. ಅಳು ಒತ್ತರಿಸಿ ಬಂತು.

ಕೆಲಸ ಹೇಗೂ ಹೋಗಿತ್ತು. ನಮಾಲ್ವಾ ಮಂಡಿಯೂರಿ ಕೂತು, ಇಡೀ ಶಾಲೆಗೆ ಕೇಳುವಂತೆ ಬುಕುಸುವಿನಲ್ಲೇ ಹೇಳಿದಳು, “ನಮ್ಮ ಮಾತಲ್ಲೇ ಹೇಳು ಮಗಳೇ.”

“ಮೇಡಂ!” ಎಂದರು ಹೆಡ್‌ಮಾಸ್ಟರ್.

ಹುಡುಗಿಯ ಮಾತು ಕಟ್ಟೆಯೊಡೆಯಿತು.

“ನೀರು ಕುಡಿಯೋಕೆ ಟ್ಯಾಂಕ್ ಹಿಂದೆ ಹೋಗಿದ್ದೆ ಟೀಚರ್. ಅಲ್ಲಿ ಒಬ್ರು ಫೋನಲ್ಲಿ ಅವರಮ್ಮನ ಹತ್ರ ಮಾತಾಡ್ತಿದ್ರು. ನಮ್ಮ ಮಾತಲ್ಲೇ. ‘ಅಮ್ಮಾ, ಒಂದು ಗುಟುಕು ಗಂಜಿ ಕುಡಿಯಮ್ಮ, ಸಂಜೆ ಬರ್ತೀನಿ’ ಅಂತ ಅಳ್ತಿದ್ರು. ಯಾರು ಮಾತಾಡಿದ್ರೂ ಅವರಿಗೆ ದಾಟಿಸ್ಬೇಕು ಅಲ್ವಾ? ಕೈಗೆ ಕೊಡೋಕೆ ಹೆದರಿಕೆ ಆಯ್ತು. ಸೈಕಲ್ ಮೇಲೆ ಕೋಟು ಬಿಚ್ಚಿ ಹಾಕಿದ್ರು. ಅದರ ಜೇಬೊಳಗೆ ಹಾಕ್ಬಿಟ್ಟೆ.”

ಆ ಶಾಲೆಯಲ್ಲಿ ಕೋಟು ತೊಡುವವರು ಒಬ್ಬರೇ. ಜೇಬಿಗೆ ಹೋದ ಹೆಡ್‌ಮಾಸ್ಟರರ ಕೈ ಹೊರಗೆ ಬರಲಿಲ್ಲ.