ಮಾಗಡಿಯ ಗಾಳಿ

"ಸೂಜಿ ಹಾಕಿ ಒಂಚೂರು ತೆಗೆದು ನೋಡಬೇಕಾಗ್ತದ" ಎಂದು ಡಾಕ್ಟರ್ ಶ್ರುತಿ ಹೇಳಿದಾಗ ರಹಮಾನಸಾಬ ಮೊದಲು ಕೇಳಿದ್ದು, "ಸೂಜಿ ಎಷ್ಟ ಉದ್ದ ಇರತೈತ್ರಿ?" ಎಂದು. ಲಕ್ಷ್ಮೇಶ್ವರದಲ್ಲಿ ಐವತ್ತು ವರ್ಷ ಹತ್ತಿ ಹಿಂಜಿ ಗಾದಿ ಹೊಲಿದ ಮನುಷ್ಯ. ಸೂಜಿ ಎಂದರೆ ಅವನ ಕಣ್ಣಿಗೆ ಬರುವುದು ದಬ್ಬಣವೇ. ಅದನ್ನು ಈ ಸಲ ತನಗೇ ಚುಚ್ಚುತ್ತಾರೆ ಎಂಬುದು ಆಮೇಲೆ ಹೊಳೆಯಿತು.

ಗದಗಿನ ಆಸ್ಪತ್ರೆಯ ಆ ಕೋಣೆ ತಂಪಾಗಿತ್ತು, ನಸುಗತ್ತಲಾಗಿತ್ತು. ಪರದೆಯ ಮೇಲೆ ಅವನ ಎದೆ ತೆಳ್ಳನೆಯ ಹೋಳುಗಳಾಗಿ ಒಂದರ ಹಿಂದೊಂದು ಸರಿಯುತ್ತಿತ್ತು. ಬೀಡಿ ಸೇದಿದವರಲ್ಲಿ, ಧೂಳಿನಲ್ಲಿ ದುಡಿದವರಲ್ಲಿ ರೋಗವನ್ನು ಅದು ಕಾಣಿಸಿಕೊಳ್ಳುವ ಮೊದಲೇ ಹುಡುಕುವ ತಪಾಸಣೆ. ರಹಮಾನಸಾಬನಿಗೆ ಎರಡೂ ಅರ್ಹತೆ ಇದ್ದವು. ಬಲ ಶ್ವಾಸಕೋಶದ ತಳದಲ್ಲಿ, ಬೆನ್ನಿನ ಕಡೆಗೆ, ಒಂದು ಬೂದು ನೆರಳು ಒರಗಿಕೊಂಡಿತ್ತು. ಕ್ಯಾನ್ಸರ್ ಎಂಬ ಮಾತನ್ನು ಡಾಕ್ಟರ್ ಆಡಲಿಲ್ಲ. ಆಡದೇ ಇದ್ದುದರಿಂದಲೇ ಅದು ಕೋಣೆಯ ತುಂಬ ಕೇಳಿಸುತ್ತಿತ್ತು.

ಪಕ್ಕದ ಮೇಜಿನಲ್ಲಿದ್ದವಳು ಅಲ್ಫಿಯಾ, ಅವನ ಮಗಳ ಮಗಳು. ಅವಳ ಕೆಲಸವನ್ನು ಊರಲ್ಲಿ ಹೇಳಲು ಬಾರದೆ ಅಜ್ಜ "ಗಾಳಿ ಲೆಕ್ಕಾ ಮಾಡತಾಳ" ಎಂದುಬಿಡುತ್ತಿದ್ದ. ಕೇಳಿದವರು ಅದು ಕಪ್ಪತಗುಡ್ಡದ ಗಾಳಿಯಂತ್ರದ ಕಂಪನಿ ಎಂದುಕೊಂಡು ತಮ್ಮ ಮಕ್ಕಳಿಗೂ ಒಂದು ನೌಕರಿ ಕೇಳುತ್ತಿದ್ದರು. ನಿಜವಾಗಿ ಅವಳು ಮಾಡುತ್ತಿದ್ದುದು, ಸ್ಕ್ಯಾನಿನಲ್ಲಿ ಕಂಡ ಶ್ವಾಸನಾಳವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರೊಳಗೆ ಗಾಳಿ ಬಿಟ್ಟು, ಅದು ಎಲ್ಲಿ ಸುಳಿ ಸುತ್ತುತ್ತದೆ, ಎಲ್ಲಿ ಸೋತು ನಿಲ್ಲುತ್ತದೆ ಎಂದು ನೋಡುವುದು. ಅಜ್ಜನ ಎದೆಯಲ್ಲೂ ಬಿಟ್ಟಿದ್ದಳು. ನೀಲಿ ಎಳೆಗಳು ಗಂಟಲು ಇಳಿದು, ನಾಳ ಎರಡಾಗಿ ಒಡೆಯುವಲ್ಲಿ ಗಿರ್ರನೆ ಸುತ್ತಿ, ಊರಬಾಗಿಲ ಅಗಸಿಯ ತನಕ ಬಂದು ಮುನಿಸಿಕೊಂಡ ಬೀಗರ ಹಾಗೆ ಹಿಂದಿರುಗಿದವು. ನೆರಳಿದ್ದ ಕಡೆಗೆ ಒಂದೂ ಇಳಿಯಲಿಲ್ಲ.

"ಅಜ್ಜಾ, ಮಿಷನ್ನಿನ್ಯಾಗ ಉಸಿರು ಹಿಡೀರಿ ಅಂದಾಗ ಏನ ಮಾಡಿದಿ?"

"ಹಿಡದೆ."

"ಹೆಂಗ? ಮಾಡಿ ತೋರ್ಸು."

ರಹಮಾನಸಾಬ ಮುಖವನ್ನು ಎಡಹೆಗಲಿಗೆ ಹೊರಳಿಸಿದ. ತುಟಿ ಬಿಗಿದ. ಮೂಗಿನಿಂದ ಚಿಟಿಕೆಯಷ್ಟು ಗಾಳಿ ಸೆಳೆದು ಸುಮ್ಮನಾದ. ಬಿಲ್ಲಿನ ಹುರಿ ಮಿಡಿದು ಹತ್ತಿ ಹಿಂಜುವ ಮುಂಚೆ ಆ ಕಸುಬಿನವರೆಲ್ಲ ಹೀಗೇ. ಅರಳೆ ಎದೆಗೆ ಹೋಗಬಾರದು, ಉಸಿರು ತಾಗಿ ಅರಳೆ ಹಾರಲೂಬಾರದು ಎಂದು ಅವನಪ್ಪ ತಲೆಗೆ ಮೊಟಕಿ ಕಲಿಸಿದ್ದು.

"ಇದೇನ್ ಉಸಿರಜ್ಜಾ? ಗುಬ್ಬಿ ನೀರು ಕುಡದಂಗ!"

"ಇದ ಉಸಿರಿನ್ಯಾಗ ಬಾಳೇ ಮಾಡೇನಿ ತಗಿ. ನಿಮ್ಮವ್ವನ್ನೂ ಸಾಕೇನಿ."

ಡಾಕ್ಟರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಪೂರಾ ಉಸಿರು ತುಂಬಲಿಲ್ಲಂದ್ರ ತಳದ ಭಾಗ ಮಡಚಿಕೊಂಡು ಹಿಂಗ ನೆರಳು ಬೀಳ್ತದ. ಬ್ಯಾರೆ ಏನರ ಇದ್ರೂ ಹಿಂಗ ಬೀಳ್ತದ. ಇನ್ನೊಮ್ಮೆ ತಗಿಯೋಣು. ಈ ಸಲ ಎದಿ ತುಂಬ ಎಳೀಬೇಕು, ಅಜ್ಜಾರ."

ಹೊರಗೆ ನಾಲ್ಕು ಸಲ ಅಭ್ಯಾಸ ಮಾಡಿಸಿದಳು ಅಲ್ಫಿಯಾ. ನಾಲ್ಕೂ ಸಲ ಕತ್ತು ತಾನಾಗಿ ಎಡಕ್ಕೆ ಹೊರಳಿತು.

"ಕಣ್ಣು ಮುಚ್ಚಿದ್ರ ಹತ್ತೀನ ಕಾಣತೈತವಾ. ಏನ ಮಾಡ್ಲಿ?"

"ಹತ್ತಿ ಇಲ್ಲದ ಜಾಗಾ ನೆನಸ್ಕೊ. ನಾ ಸಣ್ಣಾಕಿದ್ದಾಗ ನಮ್ಮೂರ ಹತ್ರದ ಮಾಗಡಿ ಕೆರಿಗೆ ಹಕ್ಕಿ ತೋರ್ಸಾಕ ಕರಕೊಂಡ ಹೋಗಿದ್ದಿ. ಅದ ಏರಿ ಮ್ಯಾಲ ನಿಂದ್ರು. ಮತ್ತ, ಮಿಷನ್ನಿಗೆ ಉತ್ತರಾ ಕೊಡಬ್ಯಾಡ."

ಮೊದಲ ಸಲ ಆ ಯಂತ್ರದೊಳಗಿನ ಹೆಣ್ಣುದನಿಗೆ ಅವನು ಮರ್ಯಾದೆಯಿಂದ "ಆತ್ರಿ ಯವ್ವಾ" ಎಂದಿದ್ದ.

ಹಾಸಿಗೆ ಒಳಕ್ಕೆ ಜಾರಿತು. ಅವನ ಕೈಗೆ ಅದು ಸಿಕ್ಕಿದ್ದರೆ ಇನ್ನೊಂದೆರಡು ಸೇರು ಹತ್ತಿ ತುಂಬುತ್ತಿದ್ದ. ತಲೆಯ ಮೇಲೆ ಬಿಳಿಯ ಬಳೆ ಗುಂಯ್‌ಗುಟ್ಟಿತು, ದೂರದಲ್ಲಿ ಯಾರೋ ಬಿಲ್ಲು ಮಿಡಿದಂತೆ. ಆಮೇಲೆ ಬಳೆ ಬಳೆಯಾಗಿ ಉಳಿಯಲಿಲ್ಲ, ಬಿಳುಪೆಲ್ಲ ಮಂಜಾಯಿತು. ಕಾಲಡಿಗೆ ಕೆರೆಯ ಏರಿ, ಇಬ್ಬನಿಯ ಹುಲ್ಲು. ನೀರಿನ ಮೇಲೆ ಸಾವಿರ ಹೆಬ್ಬಾತು, ತಲೆಯ ಮೇಲೆ ಎರಡೆರಡು ಕಪ್ಪು ಪಟ್ಟೆ, ಎಲ್ಲವೂ ನಿದ್ದೆಯಲ್ಲಿ. "ಶ್ವಾಸವನ್ನು ಒಳಗೆ ಎಳೆದುಕೊಳ್ಳಿ" ಎಂದು ವಾರ್ತೆ ಓದುವ ಕನ್ನಡದಲ್ಲಿ ಮಂಜೇ ಹೇಳಿತು. ಹಿಂಡು ಒಮ್ಮೆಲೇ ಎದ್ದಿತು. ಎಡಕ್ಕೆ ಹೊರಳಬೇಕಾದ ಕತ್ತು ಹಕ್ಕಿಗಳನ್ನು ನೋಡುತ್ತ ಮೇಲೆಯೇ ನಿಂತಿತು, ಬಾಯಿ ತೆರೆಯಿತು. ಹಸಿ ಕೆಸರಿನ ವಾಸನೆಯ ತಣ್ಣನೆಯ ಗಾಳಿ ಇಳಿಯಿತು, ಇಳಿಯುತ್ತಲೇ ಇತ್ತು, ಐವತ್ತು ವರ್ಷ ಬಾಗಿಲು ತೆಗೆಯದ ಕೋಣೆಗಳ ತನಕ. "ಬಿಡಿ" ಎಂದಳು ಒಳಗಿನವಳು. ಅವನು ಬಿಡಲಿಲ್ಲ. ಇನ್ನೂ ನಾಲ್ಕು ಹಕ್ಕಿ ಏಳುವುದಿತ್ತು.

ಡಾಕ್ಟರ್ ಹೋಳುಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಮೂರು ಸಲ ಸರಿಸಿದರು. ನೆರಳು ಇರಲಿಲ್ಲ.

"ಮಡಿಕಿ ಬಿಚ್ಚೇದ. ಸೂಜಿ ಬ್ಯಾಡ." ಅವರ ಬೆರಳು ಒಂದು ಕಡೆ ನಿಂತಿತು. "ಇಲ್ಲೊಂದು ಕಾಳಿನಕಿಂತಾ ಸಣ್ಣ ಚುಕ್ಕಿ ಅದ. ಭಾಳ ಮಂದಿಗೆ ಇರ್ತದ. ವರ್ಷ ಬಿಟ್ಟು ಮತ್ತ ನೋಡೋಣು. ಬೀಡಿ ಮಾತ್ರ ಇವತ್ತ ಬಿಡ್ರಿ."

"ಒಂದರ ಹತ್ತಿಕಾಳು ಉಳಿಯದಂಥಾ ಗಾದಿ ನಾನೂ ಹೊಲದಿಲ್ರಿ" ಎಂದು ರಹಮಾನಸಾಬ ಬೀಡಿಕಟ್ಟು ತೆಗೆದು ಮೇಜಿನ ಮೇಲಿಟ್ಟ. ಕಡ್ಡಿಪೆಟ್ಟಿಗೆ ಇಡಲಿಲ್ಲ, ಒಲೆಗೆ ಬೇಕಾಗುತ್ತದೆ.

"ಬಾ ಇಲ್ಲೆ, ನಿನ್ನ ಗಾಳಿ ನೋಡು" ಎಂದು ಅಲ್ಫಿಯಾ ಹೊಸ ಸ್ಕ್ಯಾನಿನೊಳಗೆ ಗಾಳಿ ಬಿಟ್ಟು ಕರೆದಳು. ನೀಲಿ ಎಳೆಗಳು ಗಂಟಲು ಇಳಿದವು, ಒಡೆಯುವಲ್ಲಿ ಸುಳಿ ಸುತ್ತಿದವು, ಈ ಸಲ ಹಿಂದಿರುಗಲಿಲ್ಲ. ಇನ್ನೂ ಆಳಕ್ಕೆ, ತಳದ ತನಕ ಹೋಗಿ, ಅಲ್ಲೊಂದು ಸುತ್ತು ಹಾಕಿ, ನೂರಾರು ಒಟ್ಟಿಗೆ ಮೆಲ್ಲಗೆ ಕೂತವು.

"ಮಾಗಡೀವು" ಎಂದ ಅಜ್ಜ, ತನಗಷ್ಟೇ ಕೇಳುವಂತೆ.

"ಹತ್ತರ ಬಂದು ನೋಡಜ್ಜಾ."

ಅವನು ಪರದೆಗೆ ಬಾಗಿದ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ, ಥಟ್ಟನೆ ತುಟಿ ಬಿಗಿದು, ಮುಖವನ್ನು ಎಡಹೆಗಲಿಗೆ ಹೊರಳಿಸಿ, ಉಸಿರು ಹಿಡಿದು ನಿಂತ. ಒಂದೂ ಹಕ್ಕಿ ಏಳಬಾರದು.