ಬೀರವ್ವನ ತಂಬಿಗೆ

ತಂಬಿಗೆ ಎದುರಿಗೆ ಬಂದಾಗ ಅನ್ನಪೂರ್ಣಾಳ ಕೈ ತಾನಾಗಿ ಮುಂದಾಗಿ, ನಡುವೆಯೇ ನಿಂತಿತು. ಟಾಕಿಯ ನೀರು ಕೆಟ್ಟಿದೆ, ಕಾಸಿ ಕುಡಿಯಿರಿ ಎಂದು ಬಿಸಿಲಲ್ಲಿ ಮನೆಮನೆಗೆ ಹೇಳಿ ಹೇಳಿ ಆಶಾ ಕಾರ್ಯಕರ್ತೆಯಾದ ಅವಳ ಗಂಟಲೇ ಒಣಗಿಹೋಗಿತ್ತು. ಮುದುಕಿ ಬೀರವ್ವ ಅದನ್ನೆಲ್ಲ ತಲೆಯಾಡಿಸಿ ಕೇಳಿ, ಅದೇ ನೀರನ್ನು ಬೆಲ್ಲದ ಚೂರಿನೊಂದಿಗೆ ತಂದಿದ್ದಳು.

"ಯವ್ವಾ, ಇದನ್ನ ಕಾಸೀರೇನು?" ಅನ್ನಪೂರ್ಣಾ ಕೇಳಿದಳು.

"ಕಾಸಿದ ನೀರು ಜಡ್ಡಾದವರಿಗೆ, ಅಕ್ಕಾರ. ಮನಿಗೆ ಬಂದವರಿಗೆ ಅದನ್ನ ಹ್ಯಾಂಗ ಕೊಡೂದು?"

ಬೇಡವೆಂದರೆ ಮುದುಕಿ ನೊಂದುಕೊಳ್ಳುತ್ತಾಳೆ. ಕುಡಿದರೆ, ಬೆಳಗಿನಿಂದ ಹೇಳಿದ್ದೆಲ್ಲ ನೀರುಪಾಲು. ವಾದಿಸುವ ತ್ರಾಣವಿಲ್ಲದೆ ಅನ್ನಪೂರ್ಣಾ ಕಟ್ಟೆಯ ಮೇಲೆ ಕುಸಿದು ಕುಳಿತಳು.

"ನನಗೂ ಜಡ್ಡಾಗೈತಿ ಅಂತ ತಿಳಕೋರಿ."

ಬೀರವ್ವ ಅವಳ ಹಣೆ ಮುಟ್ಟಿ ನೋಡಿದಳು. ಆಮೇಲೆ ತಂಬಿಗೆ ಹಿಡಿದುಕೊಂಡು, ಒಲೆ ಹಚ್ಚಲು ಒಳಗೆ ಹೋದಳು.