ಸಿಂಪಿ ಒತ್ತಿದ ಗೋಡೆ

ಸಗಣಿ ಬೆರೆಸಿದ ಹಸಿಮಣ್ಣಿನ ವಾಸನೆ ಬಂದರೆ ಈಗಲೂ ಮಟಕಿ ಊರಿನ ಸಣ್ಣವ್ವನ ಮನೆ ಕಣ್ಣೆದುರು ನಿಲ್ಲುತ್ತದೆ. ಮುಂಬಯಿ ಬಂದರಿನಲ್ಲಿ ದುಡಿಯುತ್ತಿದ್ದ ಅವಳ ಗಂಡ, ನಮ್ಮ ಕಾಕಾ, ಊರಿಗೆ ಬಂದಾಗಲೆಲ್ಲ ಸಮುದ್ರದ ಸಿಂಪಿ ತರುತ್ತಿದ್ದ. ಸಣ್ಣವ್ವ ಹಸಿಮಣ್ಣು ಮೆತ್ತಿ ಅವನ್ನು ಪಡಸಾಲೆಯ ಗೋಡೆಗೆ ಒತ್ತುತ್ತಿದ್ದಳು. ಅರ್ಧ ಗೋಡೆ ತುಂಬಿತ್ತು.

ಲಡಾಯಿ ನಡೆದಿದ್ದ ವರ್ಷ ಕಾಕಾ ಮುಂಬಯಿಯಲ್ಲೇ ತೀರಿಕೊಂಡ ಸುದ್ದಿ ಬಂತು. ಆ ಮಧ್ಯಾಹ್ನ ಓಣಿಯ ಹೆಂಗಸರು ಸಣ್ಣವ್ವನ ಹಸಿರು ಬಳೆ ಒಡೆದು ಹೋದರು. ಅವಳು ಚೂರುಗಳನ್ನು ಸೆರಗಿಗೆ ಆರಿಸಿಕೊಂಡು, “ಮಣ್ಣ ಕಲಸ್ಕೊಂಡ್ ಬಾ ಬೇ” ಎಂದು ನನ್ನನ್ನು ಕಳಿಸಿದಳು. ಕೊನೆಯ ಸಿಂಪಿಯ ಸುತ್ತ ಒಂದೊಂದೇ ಚೂರು ಕೂರಿಸಿದಳು.

“ಒಡೆದ ಬಳಿ ಮನ್ಯಾಗ ಇಡಬಾರದವ್ವ,” ಎಂದಳು ಅವಳ ಅತ್ತೆ. ಸಣ್ಣವ್ವ ಕೊನೆಯ ಚೂರನ್ನೂ ಹೆಬ್ಬೆರಳಿನಿಂದ ಮಣ್ಣಿಗೆ ಒತ್ತಿದಳು.

ಬುಟ್ಟಿಯಲ್ಲಿ ಮಣ್ಣು ಇನ್ನೂ ಇತ್ತು. “ಉಳಿದ ಗ್ವಾಡಿಗಿ ಏನ ಹಚ್ತಿ, ಸಣ್ಣವ್ವ?” ಎಂದೆ.

ಅವಳು ಖಾಲಿ ಗೋಡೆಯನ್ನು ಅಂಗೈಯಿಂದ ಸವರಿದಳು.

“ಕೈ ತೊಳ್ಕೋ ಹೋಗ್.”